ಗೂಳಿಗೆ ಜ್ವರ, ಬರೆ ಯಾರಿಗೆ? ಬೆಂಗಳೂರು ಬುಲ್ಸ್ ಕೋಚ್ ಬದಲಾವಣೆ ಮತ್ತು ಕೋಲಾರ ಸೀಮೆಯ ಅಭಿಮಾನಿಗಳ ವಾಗ್ವಾದ

ಪ್ರೊ ಕಬಡ್ಡಿ ಲೀಗ್‌ನ 11ನೇ ಆವೃತ್ತಿ 2024ರ ಡಿಸೆಂಬರ್ ಕೊನೆಗೆ ಮುಗಿದಾಗ ಬೆಂಗಳೂರು ಬುಲ್ಸ್ ಆಡಿದ 22 ಪಂದ್ಯಗಳಲ್ಲಿ ಗೆದ್ದದ್ದು 2. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯ ಸ್ಥಾನ. 2014ರಲ್ಲಿ ಲೀಗ್ ಶುರುವಾದಾಗಿನಿಂದ ತಂಡದ ಕೋಚ್ ಆಗಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಅಧ್ಯಾಯ ಅಲ್ಲಿಗೆ ಮುಗಿಯಿತು. 2025ರಲ್ಲಿ ಆ ಜಾಗಕ್ಕೆ ಕನ್ನಡಿಗ ಬಿ.ಸಿ. ರಮೇಶ್ ಬಂದರು. ಈ ನಡುವೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೋಟೆಲು, ಬಸ್‌ಸ್ಟ್ಯಾಂಡು, ರೈಲು ಬೋಗಿಗಳಲ್ಲಿ ನಡೆದ ಮಾತುಕತೆಯ ತಿರುಳು ಒಂದೇ: ಕೋಚ್‌ನ ತೆಗೀಬೇಕಾ, ಬೇಡವಾ? ಗಡಿಯ ಕಡೆ ಇದೇ ಪ್ರಶ್ನೆ ತೆಲುಗಿನಲ್ಲಿ ಕೇಳಿಸಿತು: ‘ಕೋಚ್‌ನಿ ಮಾರ್ಚಾಲಾ?’.

ಈ ವಾಗ್ವಾದವನ್ನು ಬರೀ ಹರಟೆ ಎಂದು ತಳ್ಳಿಹಾಕುವಂತಿಲ್ಲ, ಅದರ ತೀರ್ಪನ್ನು ಹಾಗೆಯೇ ಒಪ್ಪಿಕೊಳ್ಳುವಂತೆಯೂ ಇಲ್ಲ. ನನ್ನ ವಾದ ಇಷ್ಟು. ಅಭಿಮಾನಿಗಳು ಕೋಚ್‌ನನ್ನು ತೂಗಿದ್ದು ಅಂಕಣದ ಅಂಚಿನಲ್ಲಿ. ಲೀಗ್ ಕಬಡ್ಡಿಯಲ್ಲಿ ಕೋಚ್ ಗೆಲ್ಲುವುದೂ ಸೋಲುವುದೂ ಬಹುಪಾಲು ಹರಾಜಿನ ಮೇಜಿನಲ್ಲಿ. ಈ ಎರಡರ ನಡುವಿನ ಅಂತರ ಹುಟ್ಟಿರುವುದು ನಮ್ಮ ಹಳ್ಳಿಗಳ ಕಬಡ್ಡಿಯ ಅನುಭವದಿಂದ. ಇದು ಎಣಿಕೆಯ ಸಮೀಕ್ಷೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಹಿರಂಗ ದಾಖಲೆಯಲ್ಲಿರುವ ಫಲಿತಾಂಶಗಳನ್ನು ಸೀಮೆಯಲ್ಲಿ ಕಿವಿಗೆ ಬಿದ್ದ ವಾದಗಳ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನ.

ಪಿ.ಟಿ. ಮೇಷ್ಟ್ರು ಮತ್ತು ಕೋಚು

ನಮ್ಮ ಕಡೆ ಕಬಡ್ಡಿಗೆ ಎರಡು ಮನೆ. ಒಂದು ಶಾಲೆಯ ಮೈದಾನ, ಇನ್ನೊಂದು ಊರ ಜಾತ್ರೆ ಹಬ್ಬಗಳ ಹೊತ್ತಿಗೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿ. ಎರಡರಲ್ಲೂ ಕೋಚ್ ಎಂದರೆ ಸಾಮಾನ್ಯವಾಗಿ ಪಿ.ಟಿ. ಮೇಷ್ಟ್ರು, ಇಲ್ಲವೇ ಒಂದು ಕಾಲಕ್ಕೆ ಆಡಿ ಮಂಡಿ ನೋವಿಗೆ ಬಿಟ್ಟ ಊರಿನ ಅಣ್ಣ. ಅವರಿಗೆ ಹುಡುಗರನ್ನು ಆರಿಸಿಕೊಳ್ಳುವ ಸೌಕರ್ಯವಿಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬಂದವನು, ಟೊಮೆಟೊ ಮಂಡಿಗೆ ಲೋಡು ಕಳಿಸಿ ಬಂದವನು, ಇದ್ದವರಲ್ಲೇ ಏಳು ಜನರನ್ನು ನಿಲ್ಲಿಸಬೇಕು. ಯಾರು ಎಡ ಮೂಲೆ, ಯಾರು ಕವರ್, ಯಾರ ಕಾಲು ಚುರುಕು ಎಂದು ನೋಡಿ ತಂಡ ಕಟ್ಟುವವನೇ ಅವನು. ಹೀಗಾಗಿ ತಂಡ ಸೋತರೆ ಹುಡುಗರನ್ನು ತಿದ್ದಲಿಲ್ಲ ಎಂಬ ಮಾತು ಅವನಿಗೆ ನ್ಯಾಯವಾಗಿಯೇ ತಾಗುತ್ತದೆ. ಕೋಚ್ ಎಂದರೆ ಆಟಗಾರನನ್ನು ಮಾಡುವವನು ಎಂಬ ನಂಬಿಕೆ ಇಲ್ಲಿಯದು.

ಟಿವಿಯಲ್ಲಿ ಕಾಣುವ ಕೋಚ್ ಬೇರೆ ಜಾತಿಯವನು. ಇಪ್ಪತ್ತು ನಿಮಿಷದ ಎರಡು ಅವಧಿ. ಮೂವತ್ತು ಸೆಕೆಂಡಿನ ರೈಡ್. ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. ಈ ಓಟದಲ್ಲಿ ಅವನ ಮಾತಿಗೆ ಸಿಗುವುದು ಬೆರಳೆಣಿಕೆಯ ಟೈಂ ಔಟ್, ಒಂದೊಂದೂ ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕೆ ಮೈಕು ಹಿಡಿಯುತ್ತಾರೆ, ಬೈಗುಳ ಹೊಗಳಿಕೆ ಎರಡೂ ಮನೆಮನೆಗೆ ಕೇಳಿಸುತ್ತವೆ. ರಣಧೀರ್ ಅವರ ಹಿಂದಿ ಹೀಗೆಯೇ ಮುಳಬಾಗಿಲಿನ ಮನೆಗಳ ಒಳಗೆ ಬಂದದ್ದು. ತಂಡ ಸೋಲುತ್ತಿದ್ದಾಗ ನೋಡುವವನ ಕಣ್ಣು ಸಹಜವಾಗಿಯೇ ಆ ಮುಖದ ಮೇಲೆ ನಿಲ್ಲುತ್ತದೆ. ತಂಡದ ಮಾಲೀಕರು ಯಾರೆಂದು ಕೇಳಿದರೆ ಮಾತು ತಡವರಿಸೀತು, ಕೋಚ್ ಹೆಸರು ಮಾತ್ರ ನಾಲಗೆಯ ತುದಿಯಲ್ಲೇ ಇರುತ್ತದೆ.

ಆದರೆ ಅವನ ನಿಜವಾದ ಕೆಲಸ ಆ ಅರ್ಧ ನಿಮಿಷದ್ದಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಹರಾಜಿನಲ್ಲಿ ಯಾರ ಹೆಸರಿಗೆ ಎಷ್ಟರವರೆಗೆ ಕೂಗಬೇಕು ಎಂಬ ಲೆಕ್ಕದಲ್ಲಿ ಕೋಚ್ ಮಾಲೀಕರ ಪಕ್ಕದಲ್ಲೇ ಕೂತಿರುತ್ತಾನೆ.

ಹನ್ನೊಂದು ಆವೃತ್ತಿಗಳ ಲೆಕ್ಕ

ಈ ಕಣ್ಣಿನಿಂದ ಹಳೆಯ ಪುಟ ತಿರುವೋಣ. 2015ರ ಎರಡನೇ ಆವೃತ್ತಿಯಲ್ಲಿ ಬುಲ್ಸ್ ಫೈನಲ್ ತಲುಪಿ ಯು ಮುಂಬಾಗೆ 36-30ರಲ್ಲಿ ಸೋತಿತು. ಆಮೇಲೆ ಮೂರು ಆವೃತ್ತಿ ಬರಗಾಲ. ಈಗಿನ ಮಾನದಂಡದಲ್ಲಿ ಕೋಚ್ ತಲೆ ಆಗಲೇ ಉರುಳಬೇಕಿತ್ತು. ಉರುಳಲಿಲ್ಲ. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಗುಜರಾತ್ ಫಾರ್ಚೂನ್‌ಜೈಂಟ್ಸ್ ವಿರುದ್ಧ 38-33ರ ಗೆಲುವು. ಆ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ ತಂದದ್ದು 22 ರೈಡ್ ಅಂಕ. ತಂಡಕ್ಕೆ ಇದುವರೆಗೆ ಬಂದಿರುವ ಏಕೈಕ ಪ್ರಶಸ್ತಿ ಅದು. ಪವನ್ ಲೀಗ್‌ಗೆ ಕಾಲಿಟ್ಟದ್ದು 2016ರಲ್ಲಿ, ಬುಲ್ಸ್ ಅಂಗಿಯಲ್ಲೇ. ಕೋಚ್ ಪರ ವಾದಿಸುವವರ ಕೈಯಲ್ಲಿದ್ದ ದೊಡ್ಡ ಅಸ್ತ್ರ ಇದೇ: ಹೆಸರಿಲ್ಲದ ಹುಡುಗನನ್ನು ತಂದು ತಾರೆ ಮಾಡುವ ಕೈ ಅದು, ಅವಸರ ಬೇಡ. ಈ ವಾದದ ಒಳಗೆ ನಮ್ಮ ಪಿ.ಟಿ. ಮೇಷ್ಟ್ರ ನೆರಳು ಕಾಣದವರಿಲ್ಲ.

ಮುಂದಿನ ಮೂರು ಆವೃತ್ತಿಗಳಲ್ಲೂ ತಂಡ ಸೆಮಿಫೈನಲ್ ತಲುಪಿತು. 2022ರ ಹರಾಜಿನಲ್ಲಿ ಪವನ್ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಪಾಲಾದರು. ಆದರೂ ಆ ವರ್ಷ ಭರತ್ ಹೂಡಾ ಎಂಬ ಯುವ ರೈಡರ್ ತಂಡವನ್ನು ಸೆಮಿಫೈನಲ್‌ವರೆಗೆ ಎಳೆದು ತಂದರು. ಕುಸಿತ ಕಂಡದ್ದು 10ನೇ ಆವೃತ್ತಿಯಲ್ಲಿ, ಪ್ಲೇಆಫ್ ತಪ್ಪಿದಾಗ. 11ನೆಯದಕ್ಕೆ ಮುಂಚಿನ ಹರಾಜಿನಲ್ಲಿ ತಂಡ ದಾರಿ ಬದಲಿಸಿತು. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದ್ದ ಪರ್ದೀಪ್ ನರ್ವಾಲ್‌ಗೆ 70 ಲಕ್ಷ, ಅಜಿಂಕ್ಯ ಪವಾರ್‌ಗೆ ಒಂದು ಕೋಟಿಗೂ ಮೇಲೆ. ಹುಡುಗರನ್ನು ಹೆಕ್ಕಿ ತರುವ ಕೈ ಈ ಬಾರಿ ಹೆಸರುಗಳನ್ನು ಕೊಂಡಿತು. ಪರ್ದೀಪ್ ಲೀಗ್ ಬದುಕು ಆರಂಭಿಸಿದ್ದು ಇದೇ ಬುಲ್ಸ್‌ನಲ್ಲಿ, 2015ರಲ್ಲಿ. ಮರಳಿ ಬಂದಾಗ ಕಾಲಿನ ಹಳೆಯ ವೇಗ ಜೊತೆಯಲ್ಲಿ ಬರಲಿಲ್ಲ. ಮುಂದಿನ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತರಾದರು.

2024ರ ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ನಡೆದ ಆ ಆವೃತ್ತಿಯ ಮೊದಲ ಪಂದ್ಯವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಬುಲ್ಸ್ ಸೋತದ್ದು ತೆಲುಗು ಟೈಟಾನ್ಸ್‌ಗೆ, 37-29ರಲ್ಲಿ. ಅಷ್ಟರಲ್ಲಿ ಟೈಟಾನ್ಸ್ ನಾಯಕ ಪವನ್ ಸೆಹ್ರಾವತ್. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಶ್ರೀನಿವಾಸಪುರ ಮುಳಬಾಗಿಲು ಕಡೆಯ ಹುಡುಗನಿಗೆ ಇದಕ್ಕಿಂತ ದೊಡ್ಡ ಪೇಚು ಬೇಕೇ? ಅವನ ತಂಡಕ್ಕೆ ಕಪ್ಪು ತಂದುಕೊಟ್ಟವನೇ ಆ ಹುಡುಗನ ಮನೆಮಾತಿನ ತಂಡದ ಪರ ನಿಂತು ಬುಲ್ಸ್ ತಂಡವನ್ನು ಮಣಿಸಿದ. ಇಂಥ ಕಡೆ ‘ಕೋಚ್ ಬದಲಾಗಬೇಕು’ ಎಂಬ ಮಾತಿನಲ್ಲಿ ಪವನ್‌ನನ್ನು ಬಿಟ್ಟುಕೊಟ್ಟ ಸಿಟ್ಟು ಸೇರಿಕೊಂಡಿತ್ತು. ಗಡಿಯ ಹಳ್ಳಿಗಳಲ್ಲಿ ವಾಗ್ವಾದ ಹೆಚ್ಚು ಬಿಸಿಯಾಗಿದ್ದರೆ ಅದಕ್ಕೆ ಇದೇ ಕಾರಣವಿರಬಹುದೆಂದು ನನ್ನ ಊಹೆ.

ಬಲಿಪಶುವಿನ ಶಾಸ್ತ್ರ

ಸೋಲುವ ತಂಡ ಕೋಚ್ ಬದಲಿಸಿದರೆ ಗೆಲ್ಲುತ್ತದೆಯೇ ಎಂಬುದು ಸಮಾಜಶಾಸ್ತ್ರಕ್ಕೆ ಹಳೆಯ ಪ್ರಶ್ನೆ. ಅಮೆರಿಕದ ಬೇಸ್‌ಬಾಲ್ ತಂಡಗಳನ್ನು ನೋಡಿದ ಆಸ್ಕರ್ ಗ್ರಸ್ಕಿ, ಮ್ಯಾನೇಜರುಗಳನ್ನು ಪದೇ ಪದೇ ಬದಲಿಸುವ ತಂಡಗಳೇ ಕೆಳಗಿರುತ್ತವೆ, ಬದಲಾವಣೆಯೇ ಗದ್ದಲವೆಬ್ಬಿಸಿ ತಂಡವನ್ನು ಇನ್ನಷ್ಟು ಕೆಡಿಸುತ್ತದೆ ಎಂದು 1963ರಲ್ಲಿ ವಾದಿಸಿದ. ಮರುವರ್ಷವೇ ಗ್ಯಾಮ್ಸನ್ ಮತ್ತು ಸ್ಕಾಚ್ ಅದನ್ನು ತಿರುಗಿಸಿ ಹಾಕಿದರು: ಮ್ಯಾನೇಜರ್ ಬದಲಾದರೆ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ, ಅವನನ್ನು ಕಳಿಸುವುದು ಊರಿನ ಕೋಪ ತಣಿಸುವ ಬಲಿಯ ಶಾಸ್ತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ನಮ್ಮಲ್ಲಿ ಮೊದಲಿಂದಲೂ ಇದೆ. ಆ ಇಬ್ಬರು ಅದಕ್ಕೆ ಅಂಕಿ ಅಂಶ ಜೋಡಿಸಿದರು ಎನ್ನಬೇಕು. ಈಚೆಗೆ ಡಚ್ ಫುಟ್‌ಬಾಲ್ ಕುರಿತ ಅಧ್ಯಯನಗಳು ಇನ್ನೊಂದು ಸಂಗತಿ ತೋರಿಸಿದವು. ಕೋಚ್ ಬದಲಿಸಿದ ತಂಡ ಚೇತರಿಸಿಕೊಳ್ಳುತ್ತದೆ, ನಿಜ. ಅಷ್ಟೇ ಕೆಳಗೆ ಬಿದ್ದು ಕೋಚ್ ಬದಲಿಸದ ತಂಡವೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಳ್ಳುತ್ತದೆ. ಪಾತಾಳ ಮುಟ್ಟಿದವನಿಗೆ ಮೇಲಿನ ದಾರಿ ಒಂದೇ ತಾನೇ ಉಳಿಯುವುದು.

ಹೊರದೇಶದ ಉದಾಹರಣೆಯೊಂದು ಎರಡೂ ಪಕ್ಷದವರ ಬಾಯಿ ಮುಚ್ಚಿಸುವಂತಿದೆ. ಕಬಡ್ಡಿಯಂತೆ ಮೈಗೆ ಮೈ ತಾಗಿಸಿ ಹಿಡಿದು ಕೆಡವುವ ಆಟ ರಗ್ಬಿ ಲೀಗ್. ಸಿಡ್ನಿಯ ವೆಸ್ಟ್ಸ್ ಟೈಗರ್ಸ್ ಕ್ಲಬ್ 2022ರ ಜೂನ್‌ನಲ್ಲಿ ಕೋಚ್ ಮೈಕಲ್ ಮಗ್ವೈರ್ ಅವರನ್ನು ಅರ್ಧದಲ್ಲೇ ಮನೆಗೆ ಕಳಿಸಿತು. ಆ ವರ್ಷ ಕೊನೆಯ ಸ್ಥಾನ. 2023ರಲ್ಲಿ ಟಿಮ್ ಶೀನ್ಸ್ ಕೈಯಲ್ಲಿ ಕೊನೆಯ ಸ್ಥಾನ. 2024ರಲ್ಲಿ ಬೆಂಜಿ ಮಾರ್ಷಲ್ ಕೈಯಲ್ಲೂ ಅದೇ. ಇತ್ತ ಮಗ್ವೈರ್ 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟರು.

ನಮ್ಮದೇ ನಗರದ ಕ್ರಿಕೆಟ್ ತಂಡದ ಕಥೆಯೂ ದೂರದ್ದಲ್ಲ. ರಾಯಲ್ ಚಾಲೆಂಜರ್ಸ್‌ಗೆ ವೆಂಕಟೇಶ್ ಪ್ರಸಾದ್, ರೇ ಜೆನ್ನಿಂಗ್ಸ್, ಡೇನಿಯಲ್ ವೆಟ್ಟೋರಿ, ಗ್ಯಾರಿ ಕರ್ಸ್ಟನ್, ಸೈಮನ್ ಕ್ಯಾಟಿಚ್, ಸಂಜಯ್ ಬಂಗಾರ್ ಬಂದರು, ಹೋದರು. ಕಪ್ಪು ಬಂದದ್ದು ಆಂಡಿ ಫ್ಲವರ್ ಕಾಲಕ್ಕೆ, 2025ರ ಜೂನ್ 3ರಂದು, ಹದಿನೆಂಟನೇ ಆವೃತ್ತಿಯಲ್ಲಿ. ಕೋಲಾರದಲ್ಲಿ ಬುಲ್ಸ್ ಬಗ್ಗೆ ಮಾತಾಡುವವನು ಆರ್‌ಸಿಬಿಯ ಈ ಪಾಠವನ್ನು ಎರಡೂ ಕಡೆಗೆ ಬಳಸುತ್ತಾನೆ. ಬದಲಿಸುತ್ತಾ ಹೋದರೆ ಒಂದು ದಿನ ಸರಿಯಾದವನು ಸಿಗುತ್ತಾನೆ ಎಂದು ಒಬ್ಬ, ಅಷ್ಟು ಜನರನ್ನು ಬದಲಿಸಿ ಹದಿನೇಳು ವರ್ಷ ಏನಾಯಿತು ಎಂದು ಇನ್ನೊಬ್ಬ. ಒಂದೇ ಸಾಕ್ಷ್ಯ ಎರಡು ತೀರ್ಪಿಗೂ ಒದಗುವುದಾದರೆ ವಾಗ್ವಾದ ಸಾಕ್ಷ್ಯದ ಬಲದ ಮೇಲೆ ನಡೆಯುತ್ತಿಲ್ಲ ಎಂದೇ ಅರ್ಥ.

ಹಾಗಾದರೆ ಅದು ಯಾವುದರ ಮೇಲೆ ನಿಂತಿದೆ? ಆಲ್ಬರ್ಟ್ ಹರ್ಷ್‌ಮನ್ 1970ರ ತನ್ನ ಪುಸ್ತಕದಲ್ಲಿ, ಕೆಡುತ್ತಿರುವ ಸಂಸ್ಥೆಯ ಮುಂದೆ ಜನರಿಗೆ ಎರಡು ದಾರಿಗಳಿವೆ ಎಂದ: ಬಿಟ್ಟು ಹೋಗುವುದು, ದನಿ ಎತ್ತುವುದು. ನಿಷ್ಠೆಯು, ಬಿಟ್ಟು ಹೋಗುವುದನ್ನು ತಡೆದು ದನಿಗೆ ಕಸುವು ಕೊಡುತ್ತದೆ. ಬುಲ್ಸ್ ಅಭಿಮಾನಿಗೆ ದನಿ ಇದೆ, ಅದನ್ನು ಇಡುವ ಜಾಗವಿಲ್ಲ. ಆಸ್ಟ್ರೇಲಿಯಾದ ಕ್ಲಬ್ಬುಗಳಂತೆ ಇಲ್ಲಿ ಸದಸ್ಯತ್ವವಿಲ್ಲ, ವಾರ್ಷಿಕ ಸಭೆಯಿಲ್ಲ. ತವರು ಅಂಕಣವೂ ಗಟ್ಟಿಯಿಲ್ಲ. 2017ರಲ್ಲಿ ಬೆಂಗಳೂರಿನ ತಂಡ ತನ್ನ ತವರು ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. 2021ರ ಡಿಸೆಂಬರ್‌ನಿಂದ 2022ರ ಫೆಬ್ರವರಿವರೆಗೆ ಕೋವಿಡ್ ಕಾರಣಕ್ಕೆ ಇಡೀ ಲೀಗು ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ ನಡೆಯಿತು. ಮಾಲೂರಿನಿಂದ ಬೆಳಗಿನ ರೈಲಿಗೆ ಕೆಲಸಕ್ಕೆ ಹೋಗುವವರು ದೇವನಗೊಂದಿ ದಾಟಿದರೆ ಸಿಗುವ ನಿಲ್ದಾಣ ವೈಟ್‌ಫೀಲ್ಡ್. ಲೀಗ್ ಕೋಲಾರಕ್ಕೆ ಅಷ್ಟು ಹತ್ತಿರ ಬಂದದ್ದು ಆಗಲೇ, ಪ್ರೇಕ್ಷಕರಿಗೆ ಬಾಗಿಲು ಮುಚ್ಚಿದ್ದೂ ಆಗಲೇ. ಹೀನಾಯವಾಗಿ ಸೋತ 11ನೇ ಆವೃತ್ತಿ ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ ನಡೆದದ್ದರಿಂದ ಸೋಲನ್ನು ಕಣ್ಣೆದುರು ಕಂಡು ಕೂಗುವ ಭಾಗ್ಯವೂ ಇಲ್ಲಿನವರಿಗಿರಲಿಲ್ಲ. ಮಾಲೀಕರು ಕೈಗೆಟುಕುವುದಿಲ್ಲ, ಆಟಗಾರರು ವರ್ಷಕ್ಕೊಮ್ಮೆ ಚದುರುತ್ತಾರೆ. ಹನ್ನೊಂದು ಆವೃತ್ತಿ ಕದಲದೆ ಕೂತಿದ್ದದ್ದು ಒಂದೇ ಕುರ್ಚಿ. ತಂಡದ ಮೇಲೆ ತಮಗೂ ಹಕ್ಕಿದೆ ಎಂದು ಹೇಳಬೇಕಾದವರು ಆ ಕುರ್ಚಿಯನ್ನೇ ಹಿಡಿದು ಅಲ್ಲಾಡಿಸಿದರು.

ರಮೇಶ್ ಬಂದ ಮೇಲೆ

ಬಿ.ಸಿ. ರಮೇಶ್ ಆಯ್ಕೆಗೆ ಆಕ್ಷೇಪದ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. 2001ನೇ ಸಾಲಿನ ಅರ್ಜುನ ಪ್ರಶಸ್ತಿ ಪಡೆದವರು, ಬುಲ್ಸ್ ಕಪ್ಪು ಗೆದ್ದ ವರ್ಷ ಅದೇ ತಂಡದ ತರಬೇತಿ ಬಳಗದಲ್ಲಿದ್ದವರು, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ತಂದುಕೊಟ್ಟವರು. ಮೇಲಾಗಿ ನಮ್ಮವರು. ಈ ಕೊನೆಯ ಕಾರಣಕ್ಕೆ ಜನ ಕೊಟ್ಟ ತೂಕ ಉಳಿದವುಗಳಿಗಿಂತ ಹೆಚ್ಚೆಂದೇ ನನಗೆ ಕಂಡಿತು. ಅದನ್ನು ಸಂಕುಚಿತ ಎನ್ನಲು ಮನಸ್ಸಾಗದು. ತಂಡದ ಹೆಸರಿನಲ್ಲಿ ಬೆಂಗಳೂರು ಇದ್ದರೂ ಕರ್ನಾಟಕದ ಆಟಗಾರರು ಅದರಲ್ಲಿ ವಿರಳ ಎಂಬ ಕೊರಗು ಹಳೆಯದು.

12ನೇ ಆವೃತ್ತಿ ಶುರುವಾಗಿ ಬುಲ್ಸ್ ಮೊದಲ ಮೂರು ಪಂದ್ಯ ಸೋತಾಗ, ಹಳೆಯವರನ್ನೇ ಇಟ್ಟುಕೊಳ್ಳಬಹುದಿತ್ತೇನೋ ಎಂಬ ರಾಗ ಎದ್ದಿತು. ಮೂರು ಪಂದ್ಯಕ್ಕೇ ತೀರ್ಪು! ಆಮೇಲೆ ತಂಡ ಮೇಲೆದ್ದು ಲೀಗ್ ಹಂತವನ್ನು ಮೂರನೆಯದಾಗಿ ಮುಗಿಸಿತು. ಪ್ಲೇಆಫ್‌ನಲ್ಲಿ ಮೊದಲು ತೆಲುಗು ಟೈಟಾನ್ಸ್‌ಗೆ, ಬಳಿಕ ಪಟ್ನಾ ಪೈರೇಟ್ಸ್‌ಗೆ ಸೋತು ಹೊರಬಿತ್ತು. ಹನ್ನೆರಡರಿಂದ ಮೂರಕ್ಕೆ ಏರಿದ್ದು ಕೋಚ್ ಮಹಿಮೆಯೇ? ಹಾಗೆಂದು ಲೆಕ್ಕ ಕಟ್ಟುವುದು ಕಷ್ಟ. ಕೋಚ್ ಬದಲಾದ ವರ್ಷದ ಹರಾಜಿನಲ್ಲೇ ತಂಡವೂ ಬದಲಾಗಿತ್ತು. ಇರಾನಿನ ರೈಡರ್ ಅಲಿರೆಜಾ ಮಿರ್ಜಾಯಿಯನ್ ಅಂಕಗಳ ಹೊರೆ ಹೊತ್ತರು, ಯೋಗೇಶ್ ದಹಿಯಾರಂಥವರು ರಕ್ಷಣೆ ಬಿಗಿ ಮಾಡಿದರು. ಆ ಆಯ್ಕೆಗಳ ಹಿಂದೆ ರಮೇಶ್ ಅವರ ಕಣ್ಣಿತ್ತು ಎನ್ನುವುದಾದರೆ, ಕೋಚ್‌ನ ಅಳತೆಗೋಲು ಹರಾಜು ಎಂಬ ನನ್ನ ವಾದಕ್ಕೇ ಅದು ಪುಷ್ಟಿ.

ರಣಧೀರ್ ಅವರನ್ನು ಬದಲಿಸಿದ್ದು ಸರಿಯೇ ಎಂದು ಕೇಳಿದರೆ ಸರಿ ಎನ್ನುತ್ತೇನೆ. ಇಪ್ಪತ್ತೆರಡರಲ್ಲಿ ಎರಡು ಗೆದ್ದದ್ದು ನನ್ನ ಕಾರಣವಲ್ಲ, ಅಂಥ ವರ್ಷ ಯಾರಿಗಾದರೂ ಬರಬಹುದು. ಹುಡುಗರನ್ನು ಹುಡುಕಿ ತರುತ್ತಿದ್ದ ಕೋಚ್ ಹೆಸರುಗಳನ್ನು ಕೊಳ್ಳಲು ಹೊರಟ ದಿನವೇ ಅವರನ್ನು ಉಳಿಸಿಕೊಳ್ಳುವ ಕಾರಣ ಕಳೆದುಹೋಗಿತ್ತು.

ರಮೇಶ್ ಕೈಯಲ್ಲಿ ತಂಡ ಆಡಿದ ಆ 12ನೇ ಆವೃತ್ತಿಯ ಪಂದ್ಯಗಳು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ ನಡೆದವು. ಬೆಂಗಳೂರಿನಲ್ಲಿ ಒಂದೂ ನಡೆಯಲಿಲ್ಲ.