ಚಕ್ಕಡಿಯಿಂದ ಜೀಪಿನವರೆಗೆ

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಕಂಡವರೆಲ್ಲರೂ ಅದರ ಗಾತ್ರಕ್ಕೆ ಬೆರಗಾಗುವರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪು 1632ರಲ್ಲಿ ಪರಂಡಾ ಕೋಟೆಯಿಂದ ಆದಿಲಶಾಹಿಯ ರಾಜಧಾನಿಗೆ ಬಂದಿತು. ಅದನ್ನೆಳೆಯಲು ಹತ್ತು ಆನೆಗಳೂ ನಾನೂರು ಎತ್ತುಗಳೂ ಬೇಕಾದುವೆಂದು ಪ್ರತೀತಿ. ಆನೆ ಎತ್ತುಗಳ ಲೆಕ್ಕವು ಜನರ ನಾಲಗೆಯ ಮೇಲೆ ಉಳಿದಿದೆ. ಆದರೆ ಅಂದಿನ ಭಾರಗಳನ್ನೆಲ್ಲ ಹೊತ್ತ ಬಂಡಿಗಳ ಅಚ್ಚು ಗಾಲಿಗಳನ್ನು ಕಾಪಾಡಿದ ಬಡಿಗ ಕಮ್ಮಾರರನ್ನು ನೆನೆಯುವವರು ವಿರಳ. ವಾಹನದ ಇತಿಹಾಸವು ದುರಸ್ತಿಯ ಇತಿಹಾಸವೂ ಹೌದೆಂಬುದನ್ನು ನಾವು ಮರೆಯುತ್ತಲಿದ್ದೇವೆ.

ಈ ಸೀಮೆಯ ಎರೆಭೂಮಿಯು ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುವದು. ಮಳೆ ಬಿದ್ದೊಡನೆ ಉಬ್ಬಿ ಗಾಲಿಗೆ ಮೆತ್ತಿಕೊಳ್ಳುವದು. 1884ರಲ್ಲಿ ರೈಲುಮಾರ್ಗವು ವಿಜಯಪುರವನ್ನು ಮುಟ್ಟಿದರೂ, ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರಗಳ ಕಡೆಯ ಒಕ್ಕಲಿಗನಿಗೆ ಹೊಲದಿಂದ ಮನೆಗೆ, ಮನೆಯಿಂದ ಪೇಟೆಗೆ ಚಕ್ಕಡಿಯೇ ಗತಿಯಾಗಿದ್ದಿತು.

ಆ ಚಕ್ಕಡಿಯ ಆರೈಕೆಯು ಬಹುಮಟ್ಟಿಗೆ ಮನೆಯಂಗಳದಲ್ಲಿಯೇ ನಡೆಯುತ್ತಿದ್ದಿತು. ಅಚ್ಚಿಗೆ ಕೀಲೆಣ್ಣೆ ಹಾಕುವದು ಮನೆಯ ಹುಡುಗರಿಗೂ ತಿಳಿದ ಕೆಲಸ. ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗಿ ಕಬ್ಬಿಣದ ಹಳಿ ಸಡಿಲಾದರೆ, ಗಾಲಿಯನ್ನು ನೀರಿನಲ್ಲಿ ನೆನೆಹಾಕಿ ಉಬ್ಬಿಸುವರು. ಹೊಸ ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ ನೀರೆರೆಯುವರು. ಆರಿದ ಕಬ್ಬಿಣವು ಕುಗ್ಗಿ ಕಟ್ಟಿಗೆಯನ್ನು ಬಿಗಿದಪ್ಪುವದು. ಗಾಲಿ ಕಳಚದಂತೆ ತಡೆಯುವ ಕಡೆಗೀಲಿನ ಮಹತ್ವವನ್ನಂತೂ ಜೇಡರ ದಾಸಿಮಯ್ಯನು ತನ್ನ ವಚನವೊಂದರಲ್ಲಿ ದೃಷ್ಟಾಂತವಾಗಿ ಬಳಸಿರುವನು.

ಎರಡನೆಯ ಮಹಾಯುದ್ಧವು ಬೇರೊಂದು ಬಂಡಿಯನ್ನು ಹುಟ್ಟಿಸಿತು. ಹಾದಿಯಿಲ್ಲದ ನೆಲದಲ್ಲಿ ಓಡಬಲ್ಲ ಹಗುರ ವಾಹನವೊಂದು ಬೇಕೆಂದು ಅಮೇರಿಕದ ಸೈನ್ಯವು 1940ರಲ್ಲಿ ಕಾರಖಾನೆಗಳನ್ನು ಕೇಳಿತು. ಮೊದಲ ಮಾದರಿಯನ್ನು ಬ್ಯಾಂಟಮ್ ಕಾರಖಾನೆಯು ಒಪ್ಪಿಸಿತು. ವಿಲ್ಲೀಸ್ ಮತ್ತು ಫೋರ್ಡ್ ಕಾರಖಾನೆಗಳು 1945ರೊಳಗೆ ಆರು ಲಕ್ಷಕ್ಕೂ ಮಿಕ್ಕು ಜೀಪುಗಳನ್ನು ಕಟ್ಟಿದವು. ನಾಲ್ಕು ಸಿಲಿಂಡರುಗಳ, 60 ಅಶ್ವಶಕ್ತಿಯ ಆ ಯಂತ್ರವು ನಾಲ್ಕೂ ಗಾಲಿಗಳನ್ನು ತಿರುಗಿಸಬಲ್ಲದು. ಒಂದು ಕಾರಖಾನೆಯ ಬಿಡಿಭಾಗವು ಇನ್ನೊಂದರ ಜೀಪಿಗೆ ಹೊಂದುವಂತೆ ರಚಿಸಿದುದು ಅದರ ಹೆಚ್ಚಳ. ರಣಭೂಮಿಯಲ್ಲಿ ಕೈಗೆ ಸಿಕ್ಕ ಸಾಮಾನಿನಿಂದಲೇ ಬಂಡಿಯು ಮತ್ತೆ ಓಡಬೇಕಲ್ಲವೆ! ನಮ್ಮಲ್ಲಿ 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. 1956ರವರೆಗೆ ವಿಜಯಪುರ ಜಿಲ್ಲೆಯು ಮುಂಬಯಿಯ ಆಡಳಿತಕ್ಕೇ ಒಳಪಟ್ಟಿದ್ದಿತು.

ಹಳೆಯ ಜೀಪಿನ ಆರೈಕೆಯನ್ನು ನೋಡಿದರೆ, ಅದು ಚಕ್ಕಡಿಯ ತಮ್ಮನೇ ಎನಿಸುವದು. ಕೀಲುಗಳಿಗೆ ಗ್ರೀಸು ತುಂಬುವದು ಕೀಲೆಣ್ಣೆಯ ಕೆಲಸವೇ. ಅದರ ಗಾಳಿಶೋಧಕದ ತಳದಲ್ಲಿ ಎಣ್ಣೆಯಿರುವದು. ಎಂಜಿನು ಸೆಳೆಯುವ ಗಾಳಿಯೊಳಗಿನ ಧೂಳನ್ನು ಆ ಎಣ್ಣೆಯು ಹಿಡಿದಿಡುವದು. ಬೇಸಿಗೆಯ ಧೂಳಿನ ಹಾದಿಗಳಲ್ಲಿ ಆ ಎಣ್ಣೆಯು ಬೇಗನೆ ಕೆಸರಾಗುವದರಿಂದ, ಅದನ್ನು ಚೆಲ್ಲಿ ಪಾತ್ರೆಯನ್ನು ತೊಳೆದು ಹೊಸ ಎಣ್ಣೆ ತುಂಬಬೇಕು. ಅಲಕ್ಷಿಸಿದರೆ ಧೂಳು ಒಳಹೊಕ್ಕು ಸಿಲಿಂಡರನ್ನೇ ಸವೆಯಿಸುವದು. ಕಿಡಿ ಮಂದವಾದರೆ ಪಾಯಿಂಟುಗಳನ್ನು ಸಣ್ಣ ಅರದಿಂದ ಉಜ್ಜಿ, ಅವುಗಳ ನಡುವಣ ಅಂತರವನ್ನು ಸರಿಪಡಿಸಬೇಕು. ಜೋತುಬಿದ್ದ ಪಟ್ಟಿಗಳ ಸ್ಪ್ರಿಂಗನ್ನು ಪಳಗಿದ ಕಮ್ಮಾರನು ಮತ್ತೆ ಬಾಗಿಸಿಕೊಡಬಲ್ಲನು. ಇವಿಷ್ಟಕ್ಕೂ ಬೇಕಾದುವು ಕೆಲವು ಪಾನಾಗಳು, ಒಂದು ಜಾಕು ಮತ್ತು ಬಹಳಷ್ಟು ತಾಳ್ಮೆ.

ಇಂದಿನ ವಾಹನಗಳು ಹೆಚ್ಚು ಸುಖಕರ, ಹೆಚ್ಚು ಸುರಕ್ಷಿತ. ಅವುಗಳ ಹೊಗೆಯೂ ಕಡಿಮೆ. ಅದನ್ನು ಅಲ್ಲಗಳೆಯುವದು ಅನ್ಯಾಯ. ಆದರೆ ಅವುಗಳ ದೋಷವನ್ನು ಕಂಡುಹಿಡಿಯಲು ಅನೇಕ ವೇಳೆ ಗಣಕಯಂತ್ರವೇ ಬೇಕು. ಒಡೆಯನು ಬಾನೆಟ್ಟನ್ನು ತೆರೆದು ನೋಡಿ ಸುಮ್ಮನೆ ಮುಚ್ಚುವನು. ಹೀಗೆ ನಷ್ಟವಾಗುವದು ಕೇವಲ ಕೂಲಿಯ ಹಣವಲ್ಲ. ಕಿವಿಗೊಟ್ಟು ಸಪ್ಪಳವನ್ನು ಅರಿಯುವ, ಮುರಿದುದನ್ನು ಎಸೆಯುವ ಮೊದಲು ಕೂಡಿಸಲೆತ್ನಿಸುವ ಬುದ್ಧಿಯು ತಂದೆಯಿಂದ ಮಗನಿಗೆ ದಾಟದೆ ನಿಂತುಹೋಗುವದು. ಪುಸ್ತಕದಿಂದ ಪೂರ್ತಿಯಾಗಿ ಕಲಿಯಲಾಗದ ವಿದ್ಯೆಯಿದು. ಒಂದು ತಲೆಮಾರು ಕೈಬಿಟ್ಟರೆ ಮುಂದಿನವರಿಗೆ ಕಲಿಸುವವರಿಲ್ಲ. ಆದುದರಿಂದ ಹಳೆಯ ಜೀಪೊಂದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಭಾನುವಾರವಿಡೀ ಕೈ ಕಪ್ಪು ಮಾಡಿಕೊಳ್ಳುವವನನ್ನು ಮನೆಯವರು ನಗೆಯಾಡದಿರಲಿ. ಮಕ್ಕಳನ್ನು ಅವನ ಬಳಿ ಕೂಡ್ರಿಸಿ, ಪಾನಾ ಎತ್ತಿಕೊಡಲು ಹೇಳಲಿ.