ಕೊಂಡ ಹಾಡಿಗೂ ಬೀಗ

ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು ಯಾರ ಮನೆಯ ಟೇಪ್ ರೆಕಾರ್ಡರಿನಲ್ಲಾದರೂ ಹಾಡುತ್ತಿತ್ತು. ಅಂತರ್ಜಾಲದಲ್ಲಿ ಕೊಂಡ ಹಾಡಿಗೆ ಆ ಸ್ವಾತಂತ್ರ್ಯ ಕೆಲವು ವರ್ಷ ಇರಲಿಲ್ಲ.

2003ರ ಏಪ್ರಿಲ್ 28ರಂದು ಅಮೆರಿಕದ ಆ್ಯಪಲ್ ಕಂಪೆನಿ ಐಟ್ಯೂನ್ಸ್ ಸಂಗೀತ ಮಳಿಗೆ ತೆರೆಯಿತು. ಹಾಡೊಂದಕ್ಕೆ 99 ಸೆಂಟ್. ಆದರೆ 1999ರಲ್ಲಿ ಆರಂಭವಾದ ನ್ಯಾಪ್‌ಸ್ಟರ್‌ನ ಪುಕ್ಕಟೆ ವಿನಿಮಯದಿಂದ ಬೆದರಿದ್ದ ಧ್ವನಿಮುದ್ರಣ ಕಂಪೆನಿಗಳು ಪ್ರತಿ ಹಾಡಿಗೂ ಗುಪ್ತಲಿಪಿಯ ಬೀಗ ಬೇಕೆಂದು ಪಟ್ಟು ಹಿಡಿದಿದ್ದವು. 'ಫೇರ್‌ಪ್ಲೇ' ಎಂಬ ಆ ಬೀಗ ಮೊದಲಿಗೆ ಮೂರು ಕಂಪ್ಯೂಟರ್‌ಗಳಲ್ಲಷ್ಟೇ ತೆರೆಯುತ್ತಿತ್ತು. ಜೇಬಿನಲ್ಲಿಟ್ಟು ಕೇಳಲು ಆ್ಯಪಲ್‌ನದೇ ಐಪಾಡ್ ಬೇಕಿತ್ತು.

ಕೃತಿಸ್ವಾಮ್ಯ ಉಳಿಯಲು ಇದು ಅನಿವಾರ್ಯ ಎಂಬುದು ಕಂಪೆನಿಗಳ ವಾದ. ಕದಿಯುವವನಿಗೆ ಬೀಗವಿಲ್ಲದ ಸಿ.ಡಿ. ಇದ್ದೇ ಇದೆ, ತೊಂದರೆಯೆಲ್ಲ ಹಣ ಕೊಟ್ಟವನಿಗೆ ಎಂಬುದು ವಿರೋಧಿಗಳ ಉತ್ತರ. 2007ರ ಫೆಬ್ರುವರಿಯಲ್ಲಿ ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದರಲ್ಲಿ ಅಂಕಿಅಂಶವನ್ನೇ ಮುಂದಿಟ್ಟರು: 2006ರಲ್ಲಿ ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗೂ ಕಡಿಮೆ; ಸಿ.ಡಿ.ಗಳಲ್ಲಿ ಬೀಗವಿಲ್ಲದೆ ಮಾರಿದವು 2,000 ಕೋಟಿಗೂ ಹೆಚ್ಚು. ಏಪ್ರಿಲ್‌ನಲ್ಲಿ ಇಎಂಐ ಒಪ್ಪಿತು. 2009ರ ಜನವರಿಯಲ್ಲಿ ನಾಲ್ಕೂ ದೊಡ್ಡ ಕಂಪೆನಿಗಳು ಒಪ್ಪಿದ್ದನ್ನು ಆ್ಯಪಲ್ ಪ್ರಕಟಿಸಿತು.

ಈ ನಡುವೆ, 2008ರಲ್ಲಿ, ಮೈಕ್ರೊಸಾಫ್ಟ್ ತನ್ನ ಎಂಎಸ್‌ಎನ್ ಸಂಗೀತ ಮಳಿಗೆಯ ಕೀಲಿ ಒದಗಿಸುವ ಸರ್ವರ್‌ಗಳನ್ನು ನಿಲ್ಲಿಸುವುದಾಗಿ ತಿಳಿಸಿತ್ತು. ಹಾಗಾದರೆ ಹೊಸ ಕಂಪ್ಯೂಟರ್ ಕೊಂಡವರ ಹಳೆಯ ಹಾಡುಗಳು ಮೂಕವಾಗುತ್ತಿದ್ದವು. ಪ್ರತಿಭಟನೆ ಎದ್ದ ಮೇಲೆ ಕಂಪೆನಿ 2011ರವರೆಗೆ ಗಡುವು ವಿಸ್ತರಿಸಿತು. ಬೀಗ ಹಾಕಿದವನು ಅಂಗಡಿ ಮುಚ್ಚಿದರೆ ಕೊಂಡವನ ಗತಿಯೇನು ಎಂಬುದು ಆಗ ಎಲ್ಲರಿಗೂ ಅರಿವಾಯಿತು.

ಕೊಂಡ ಹಾಡಿನ ಬೀಗ ಹೋಯಿತು. ಚಂದಾ ಸೇವೆಗಳಲ್ಲಿ ಅದು ಇಂದಿಗೂ ಉಳಿದಿದೆ. ಚಂದಾ ನಿಂತರೆ ಇಳಿಸಿಕೊಂಡ ಹಾಡೂ ನಿಲ್ಲುತ್ತದೆ.