ಅಂಪೈರಿನ ಪಾಲಿನ ಮಂಡಕ್ಕಿ

ನಮ್ಮ ದಾವಣಗೆರೆ, ಹರಿಹರದ ಕಡೆ ಮೈದಾನದಲ್ಲಿ ಸೀಟಿ ಹಿಡಿದು ನಿಂತವರು ಯಾರೇ ಇರಲಿ, ಅವರು ಅಂಪೈರ್. ಕ್ರಿಕೆಟ್ಟಿಗೂ ಅಂಪೈರ್, ಕಬಡ್ಡಿಗೂ ಅಂಪೈರ್, ಫುಟ್‌ಬಾಲಿಗೂ ಅಂಪೈರ್. ರೆಫ್ರಿ ಎಂಬ ಮಾತನ್ನು ಪತ್ರಿಕೆಯ ಕ್ರೀಡಾಪುಟದಲ್ಲಿ ಓದುತ್ತೇವೆಯೇ ಹೊರತು ಬಾಯಲ್ಲಿ ಆಡುವುದು ಕಡಿಮೆ. ಓದಿಕೊಂಡವರು ಇದನ್ನು ಕೇಳಿ ನಗುತ್ತಾರೆ. ನಗಬೇಕಾದ್ದೇನೂ ಇಲ್ಲ. ಫುಟ್‌ಬಾಲಿಗೆ ರೆಫ್ರಿ ಒಳಗೆ ಬರುವ ಮೊದಲು ಇದ್ದವರು ಅಂಪೈರುಗಳೇ.

1863ರಲ್ಲಿ ಲಂಡನ್ನಿನಲ್ಲಿ ಕುಳಿತು ಫುಟ್‌ಬಾಲ್ ಸಂಘ ಬರೆದ ಮೊದಲ ನಿಯಮಾವಳಿಯಲ್ಲಿ ತೀರ್ಪುಗಾರನ ಸುದ್ದಿಯೇ ಇಲ್ಲ. ಆಡುವವರೆಲ್ಲ ಮರ್ಯಾದಸ್ಥರು, ತಕರಾರು ಬಂದರೆ ಎರಡೂ ಕಡೆಯ ನಾಯಕರು ಮಾತಾಡಿಕೊಂಡು ಬಗೆಹರಿಸುತ್ತಾರೆ ಎಂಬ ನಂಬಿಕೆ. ಈ ನಂಬಿಕೆ ಎಷ್ಟು ದಿನ ಉಳಿದೀತು? 1871ರಲ್ಲಿ ಆ ಸಂಘದ ಕಪ್ ಪಂದ್ಯಾವಳಿ ಆರಂಭವಾದಾಗ ಇಬ್ಬರು ಅಂಪೈರು, ಒಬ್ಬ ರೆಫ್ರಿ ಎಂಬ ಏರ್ಪಾಡು ಬಂತು. ಒಂದೊಂದು ತಂಡವೂ ತನ್ನ ಕಡೆಯಿಂದ ಒಬ್ಬ ಅಂಪೈರನ್ನು ಕರೆತರುತ್ತಿದ್ದ ಕಾಲ ಅದು. ರೆಫ್ರಿ ಗೆರೆಯ ಹೊರಗೆ. ಅಂಪೈರುಗಳಿಬ್ಬರೂ ಒಪ್ಪದಿದ್ದಾಗ ಮಾತ್ರ ಅವನನ್ನು ಕೇಳುತ್ತಿದ್ದರು. 1891ರಲ್ಲಿ ಇದು ತಿರುವುಮುರುವಾಯಿತು. ರೆಫ್ರಿ ಮೈದಾನದೊಳಗೆ ಬಂದ, ಅಂಪೈರುಗಳು ಬಾವುಟ ಹಿಡಿದು ಗೆರೆಯ ಮೇಲೆ ನಿಂತರು. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ. ಅದನ್ನು ಸೂಚಿಸಿದವನು ವಿಲಿಯಂ ಮೆಕ್ರಂ ಎಂಬ ಐರ್ಲೆಂಡಿನ ಗೋಲ್‌ಕೀಪರ್. ತನ್ನ ಮೇಲೆ ತಾನೇ ಶಿಕ್ಷೆ ತಂದುಕೊಂಡ ಮನುಷ್ಯ!

ಅಂಪೈರ್ ಎಂಬ ಪದದ ಮೂಲ ಇನ್ನೂ ಸ್ವಾರಸ್ಯದ್ದು. ಹಳೆಯ ಫ್ರೆಂಚಿನಲ್ಲಿ 'ನೊಂಪೆರ್' ಎಂದರೆ ಜೋಡಿಯಲ್ಲದವನು. ಸಮ-ಬೆಸ ಎನ್ನುತ್ತೇವಲ್ಲ, ಅದರಲ್ಲಿ ಬೆಸ. ಇಬ್ಬರ ನಡುವೆ ಮೂರನೆಯವನಾಗಿ ನಿಲ್ಲುವವನು. ಆದರೆ ಚರಿತ್ರೆಯಲ್ಲಿ ನೋಡಿದರೆ ಆ ಮೊದಲ ಅಂಪೈರುಗಳು ಬೆಸವಾಗಿರಲಿಲ್ಲ, ತಮ್ಮ ತಮ್ಮ ತಂಡದ ಜೋಡಿಯೇ ಆಗಿದ್ದರು. ಆಟ ಮುಗಿದ ಮೇಲೆ ತಮ್ಮವರ ಜೊತೆ ಕೂತು ಉಣ್ಣುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಬೇಕಾಗಿರಲಿಲ್ಲ. ಹೊರಗಿನವನೊಬ್ಬ ಒಳಗೆ ಬಂದು ಸೀಟಿ ಊದಿದ ಮೇಲೆ ಹೊಸ ಪ್ರಶ್ನೆ ಹುಟ್ಟಿತು. ತೊಂಬತ್ತು ನಿಮಿಷದ ನಂತರ ಈ ಮನುಷ್ಯ ಯಾರ ಜೊತೆ ಕೂರಬೇಕು?

ಸಂಬಳ, ಕ್ಯಾಮೆರಾ, ಭದ್ರತೆ ಇರುವ ದೊಡ್ಡ ಪಂದ್ಯಗಳಲ್ಲಿ ಇದಕ್ಕೆ ಸುಲಭದ ಉತ್ತರವಿದೆ. ಅವನಿಗೆ ಬೇರೆ ಕೋಣೆ, ಬೇರೆ ಬಾಗಿಲು, ಬೇರೆ ವಾಹನ. ನಮ್ಮಂಥ ಊರುಗಳ ಹವ್ಯಾಸಿ ಆಟದಲ್ಲಿ ಬೇರೆ ಬಾಗಿಲಿನ ಮಾತಿರಲಿ, ಬಾಗಿಲೇ ಇರುವುದಿಲ್ಲ. ಇರುವುದು ಒಂದು ಬೇವಿನ ಮರ, ಅದರ ಬುಡದಲ್ಲಿ ಎಲ್ಲರ ಚಪ್ಪಲಿ, ಎಲ್ಲರ ನೀರಿನ ಬಿಂದಿಗೆ.

ದಾವಣಗೆರೆಗೆ ಹತ್ತಿ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಆ ಕಡೆಯ ಅಸಲಿ ಮ್ಯಾಂಚೆಸ್ಟರಿನಲ್ಲಿ ಗಿರಣಿಗೂ ಫುಟ್‌ಬಾಲಿಗೂ ನೇರ ಸಂಬಂಧ. 1850ರ ಕಾರ್ಖಾನೆ ಕಾಯ್ದೆಯಿಂದ ಶನಿವಾರ ಮಧ್ಯಾಹ್ನ ಬಿಡುವು ಸಿಗುವಂತಾಯಿತು, ಆ ಬಿಡುವಿನಲ್ಲಿ ಫುಟ್‌ಬಾಲ್ ಬೆಳೆಯಿತು. ನಮಗೆ ಹೆಸರು ಬಂದಷ್ಟು ಆಟ ಬರಲಿಲ್ಲ. ನಮ್ಮ ಪ್ರೀತಿ ಕುಸ್ತಿಗೆ, ಕಬಡ್ಡಿಗೆ, ಆಮೇಲೆ ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ, ಲೇಥ್ ಯಂತ್ರಗಳ ಜೊತೆಗೆ ಹೊರಗಿನ ಊರುಗಳ ಜನರನ್ನೂ ತಂದಿತು. ದಾವಣಗೆರೆಯಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದ ಮೇಲೆ ದೂರದ ರಾಜ್ಯಗಳ ಹುಡುಗರು ಚೆಂಡು ಹಿಡಿದು ಬಂದರು. ಹೈಸ್ಕೂಲ್ ಮೈದಾನದ ಒಂದು ಮೂಲೆಯಲ್ಲಿ ಫುಟ್‌ಬಾಲ್ ಹಾಗೂ ಹೀಗೂ ಬದುಕಿತು.

ಬದುಕಿಸಿದವರಲ್ಲಿ ಮುಖ್ಯರು ಶಾಲೆಗಳ ದೈಹಿಕ ಶಿಕ್ಷಕರು, ಜನರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಇವರ ಬಗ್ಗೆ ಸ್ವಲ್ಪ ಹೇಳಲೇಬೇಕು. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ತೀರ್ಪುಗಾರರನ್ನು ಹೊರಗಿನಿಂದ ತರಿಸುವುದಿಲ್ಲ. ಸ್ಪರ್ಧೆಗೆ ಹುಡುಗರನ್ನು ಕರೆತಂದ ಮೇಷ್ಟ್ರುಗಳೇ ಸೀಟಿ ಹಿಡಿಯುತ್ತಾರೆ. ನಿಮ್ಮ ಶಾಲೆಯ ಪಂದ್ಯಕ್ಕೆ ನಾನು, ನಮ್ಮ ಶಾಲೆಯ ಪಂದ್ಯಕ್ಕೆ ನೀವು. ಬೆಳಿಗ್ಗೆ ನನ್ನ ಹುಡುಗರನ್ನು ಸೋಲಿಸಿದ ತಂಡದ ಪಂದ್ಯಕ್ಕೆ ಮಧ್ಯಾಹ್ನ ನಾನೇ ತೀರ್ಪುಗಾರ! ನಡುವೆ ಆತಿಥೇಯ ಶಾಲೆಯ ವರಾಂಡದಲ್ಲಿ ಎಲ್ಲ ಮೇಷ್ಟ್ರುಗಳಿಗೂ ಒಂದೇ ಪಂಕ್ತಿಯಲ್ಲಿ ಚಿತ್ರಾನ್ನ. ನ್ಯಾಯಶಾಸ್ತ್ರ ಓದಿದವರು ಈ ಏರ್ಪಾಡನ್ನು ಕೇಳಿದರೆ ಹೌಹಾರುತ್ತಾರೆ. ಆದರೂ ಇದು ವರ್ಷಾನುಗಟ್ಟಲೆ ನಡೆದಿದೆ, ಜಗಳಗಳ ನಡುವೆಯೂ ನಡೆದಿದೆ. ಆ ಚಿತ್ರಾನ್ನದ ಪಂಕ್ತಿ ಎಲ್ಲರ ಕಣ್ಣ ಮುಂದೆ ಇತ್ತು ಎನ್ನುವುದೇ ಅದಕ್ಕೆ ಕಾರಣ ಎಂದು ನಮಗೆ ತೋರುತ್ತದೆ.

1990ರ ಜನವರಿಯಲ್ಲಿ ನಾವು ಹುಡುಗರು ದಾವಣಗೆರೆಯಿಂದ ಹರಿಹರಕ್ಕೆ ಒಂದು ಪಂದ್ಯ ಆಡಲು ಹೋಗಿದ್ದೆವು. ಹದಿನಾಲ್ಕು ಕಿಲೋಮೀಟರ್ ಬಸ್ಸು. ನಮ್ಮಲ್ಲಿ ಮೂವರು ಮಂಡಕ್ಕಿ ಭಟ್ಟಿಯ ಮನೆಯವರು, ನಸುಕಿನಲ್ಲಿ ಎದ್ದು ಕೆಲಸ ಮುಗಿಸಿ ಬಂದವರು. ಸೀಟಿ ಹಿಡಿದವರು ಒಬ್ಬ ಡ್ರಿಲ್ ಮೇಷ್ಟ್ರು, ಲಿಂಗಾಯತರು. ಆಟ ಮುಗಿಯಲು ಐದಾರು ನಿಮಿಷವಿದ್ದಾಗ ನಮ್ಮ ಬ್ಯಾಕ್ ಆಟಗಾರನ ಕೈಗೆ ಚೆಂಡು ತಾಗಿತೆಂದು ಪೆನಾಲ್ಟಿ ಕೊಟ್ಟರು. ಸೋತೆವು. ಬಾಯಿಗೆ ಬಂದಂತೆ ಬೈದೆವು. ಹರಿಹರದವರ ಉಪ್ಪು ತಿಂದಿದ್ದಾರೆ ಎಂದೆವು.

ಗೆದ್ದ ತಂಡದ ನಾಯಕ ನಮ್ಮವನೇ, ಮುಸ್ಲಿಮ್ ಹುಡುಗ. ಅವನ ಮನೆಯಲ್ಲಿ ಊಟಕ್ಕೆ ಏರ್ಪಾಡಾಗಿತ್ತು. ಮೇಷ್ಟ್ರಿಗೆಂದು ಬೇರೆಯಾಗಿ ಅನ್ನ ಸಾರು ಮಾಡಿಸಿದ್ದರು. ಮೇಷ್ಟ್ರು ಬರುವುದಿಲ್ಲ ಎಂದುಬಿಟ್ಟರು. ಹುಡುಗನ ಮುಖ ಸಣ್ಣದಾಯಿತು. ಎರಡೂ ತಂಡದವರಿಗೆ ಒಂದೇ ಅರ್ಥ ಹೊಳೆಯಿತು, 'ನಮ್ಮ ಮನೆಯಲ್ಲಿ ಹೇಗೆ ಉಂಡಾರು?' ಎಂದು. ಐದು ನಿಮಿಷದ ಹಿಂದೆ ಕಚ್ಚಾಡುತ್ತಿದ್ದ ನಾವು ಈ ಒಂದು ನೋವಿನಲ್ಲಿ ಒಂದಾದೆವು. ಆಮೇಲೆ ನೋಡಿದರೆ ಮೇಷ್ಟ್ರು ಬಸ್ ನಿಲ್ದಾಣದ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದ ಎಲ್ಲರಿಗೂ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹೇಳುತ್ತಿದ್ದರು. ಮಂಡಕ್ಕಿ ಬಂದದ್ದು ಒಂದೇ ಕಾಗದದ ಮೇಲೆ. ನಾವು ಕೈ ಹಾಕಿದಲ್ಲೇ ಅವರೂ ಕೈ ಹಾಕಿದರು. ಪೆನಾಲ್ಟಿ ಯಾಕೆ ಕೊಟ್ಟೆ ಎಂದು ಎದ್ದು ನಿಂತು ತೋಳು ಎತ್ತಿ ತೋರಿಸಿದರು. ನಾವು ಒಪ್ಪಲಿಲ್ಲ. ಚಹಾ ಬಂತು. ಆಗಲೂ ಒಪ್ಪಲಿಲ್ಲ. ಹಣ ಕೊಡುವಾಗ ತಮ್ಮ ಪಾಲಿನದನ್ನು ಲೆಕ್ಕ ಹಾಕಿ ತಾವೇ ಕೊಟ್ಟರು. ಊಟಕ್ಕೆ ಬರದವರು ಮಂಡಕ್ಕಿಗೆ ಯಾಕೆ ಬಂದರು ಎಂಬುದು ನಮಗೆ ಅಂದು ತಿಳಿಯಲಿಲ್ಲ.

ತಿಳಿದದ್ದು ಬಹಳ ವರ್ಷಗಳ ಮೇಲೆ, ಅದೂ ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಒಂದು ಗ್ರಂಥದಿಂದ. ಇಂದಿನ ಉಝ್ಬೆಕಿಸ್ತಾನದಲ್ಲಿರುವ ಮರ್ಗೀನಾನ್ ಊರಿನ ಬುರ್ಹಾನುದ್ದೀನ್ ಮರ್ಗೀನಾನಿ 1197ರಲ್ಲಿ ತೀರಿಕೊಂಡ ವಿದ್ವಾಂಸರು. ಅವರ 'ಹಿದಾಯ' ಹನಫಿ ಫಿಖ್ಹ್‌ನ ಪ್ರಮುಖ ಗ್ರಂಥ, ನಮ್ಮ ದೇಶದ ಮದರಸಗಳಲ್ಲಿ ಇಂದಿಗೂ ಪಾಠವಾಗುವಂಥದು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪೆನಿ ಸರಕಾರದ ನ್ಯಾಯಾಲಯಗಳೂ ಅದನ್ನು ಬಳಸಿದವು. ಅದರಲ್ಲಿ ಕಾಝಿಯ ನಡವಳಿಕೆಯ ಬಗ್ಗೆ ಒಂದು ಅಧ್ಯಾಯವಿದೆ. ಕಾಝಿ ಜನಾಝಕ್ಕೆ ಹೋಗಬಹುದು, ರೋಗಿಗಳನ್ನು ನೋಡಲು ಹೋಗಬಹುದು. ಎಲ್ಲರಿಗೂ ತೆರೆದ ಔತಣಕ್ಕೂ ಹೋಗಬಹುದು. ವಿಶೇಷ ಔತಣಕ್ಕೆ ಹೋಗಬಾರದು. ವಿಶೇಷ ಔತಣ ಯಾವುದು ಎಂದು ಗುರುತಿಸಲು ಅಲ್ಲಿ ಕೊಟ್ಟಿರುವ ಅಳತೆಗೋಲು ನಮ್ಮನ್ನು ಬೆರಗುಗೊಳಿಸಿತು. ಕಾಝಿ ಬರುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಮನೆಯವನು ಆ ಅಡುಗೆಯನ್ನೇ ಮಾಡಿಸುತ್ತಿರಲಿಲ್ಲ ಎಂದಾದರೆ, ಅದು ವಿಶೇಷ ಔತಣ. ಕಕ್ಷಿದಾರರಲ್ಲಿ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಮಾತ್ರ ಸತ್ಕರಿಸಲೂ ಬಾರದು. ಉಡುಗೊರೆಯನ್ನು ಹತ್ತಿರದ ನೆಂಟರಿಂದ, ಇಲ್ಲವೇ ಕಾಝಿಯಾಗುವ ಮೊದಲಿನಿಂದಲೂ ಕೊಟ್ಟು ತೆಗೆದುಕೊಳ್ಳುವ ರೂಢಿ ಇದ್ದವರಿಂದ ಮಾತ್ರ ಪಡೆಯಬಹುದು, ಅದೂ ಅವರ ವ್ಯಾಜ್ಯ ತನ್ನ ಮುಂದೆ ಇಲ್ಲದಿದ್ದಾಗ.

ಇದರ ಹಿಂದೆ ಇನ್ನೂ ಹಳೆಯ ಮಾತಿದೆ. ಝಕಾತ್ ವಸೂಲಿಗೆ ಹೋಗಿ ಬಂದ ಒಬ್ಬ ವ್ಯಕ್ತಿ, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದಾಗ, ಅವನು ತನ್ನ ತಂದೆತಾಯಿಯ ಮನೆಯಲ್ಲೇ ಕೂತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ ಮುಹಮ್ಮದ್(ಸ) ಕೇಳಿದ ಪ್ರಸಂಗ ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಗಮನಿಸಬೇಕಾದದ್ದೆಂದರೆ ಈ ಪರಂಪರೆ ನ್ಯಾಯಾಧೀಶನನ್ನು ಊರಿನಿಂದ ಕಿತ್ತು ಒಂಟಿ ಕೋಣೆಯಲ್ಲಿ ಕೂರಿಸಲಿಲ್ಲ. ಅವನು ಊರಿನ ಸಾವಿಗೂ ಬೇಕು, ಮದುವೆಗೂ ಬೇಕು. ಮುಚ್ಚಿದ ಬಾಗಿಲ ಹಿಂದಿನ ತಟ್ಟೆ ಮಾತ್ರ ಬೇಡ. ಡ್ರಿಲ್ ಮೇಷ್ಟ್ರು ಹಿದಾಯ ಓದಿದವರಲ್ಲ. ಗೆದ್ದವರ ಮನೆಯ ಊಟ ತನಗಾಗಿಯೇ ಮಾಡಿಸಿದ್ದು, ಬಸ್ ನಿಲ್ದಾಣದ ಮಂಡಕ್ಕಿ ಯಾರು ಬರಲಿ ಬಿಡಲಿ ಹುರಿಯುವಂಥದು ಎಂಬುದು ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ಮುಚ್ಚಿದ ಬಾಗಿಲು ಏನು ಮಾಡುತ್ತದೆ ಎನ್ನುವುದಕ್ಕೆ ನಮ್ಮದೇ ಫುಟ್‌ಬಾಲ್ ಚರಿತ್ರೆಯಲ್ಲಿ ಕಲಕತ್ತೆಯ ಉದಾಹರಣೆಯಿದೆ. 1893ರಲ್ಲಿ ಅಲ್ಲಿ ಭಾರತೀಯ ಫುಟ್‌ಬಾಲ್ ಸಂಘ ಸ್ಥಾಪನೆಯಾದಾಗ ಅದರ ಆಡಳಿತ ಬಿಳಿಯರ ಕೈಯಲ್ಲಿತ್ತು, ದೊಡ್ಡ ಪಂದ್ಯಗಳ ಸೀಟಿಯೂ ಬಹುಕಾಲ ಅವರ ಕೈಯಲ್ಲೇ ಇತ್ತು. ಆಟ ಮುಗಿದ ಮೇಲೆ ಬಿಳಿಯ ರೆಫ್ರಿ, ಬಿಳಿಯ ಆಟಗಾರರು ಕೂರಬಹುದಾಗಿದ್ದ ಕ್ಲಬ್ಬುಗಳಿಗೆ ಭಾರತೀಯ ಆಟಗಾರನಿಗೆ ಪ್ರವೇಶವಿರಲಿಲ್ಲ. ಒಳಗೆ ಏನೂ ನಡೆಯದೆ ಇದ್ದಿರಬಹುದು. ಆದರೆ ಹೊರಗೆ ನಿಂತವನಿಗೆ ಅದು ಗೊತ್ತಾಗುವ ಬಗೆ ಹೇಗೆ? 1934ರಿಂದ 1938ರವರೆಗೆ ಸತತ ಐದು ಸಲ ಕಲಕತ್ತೆಯ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಅಭಿಮಾನಿಗಳಿಗೆ ರೆಫ್ರಿಗಳ ಮೇಲೆ ನಂಬಿಕೆ ಉಳಿದಿರಲಿಲ್ಲ. 1939ರಲ್ಲಿ ಆ ತಂಡವೂ ಈಸ್ಟ್ ಬೆಂಗಾಲ್ ಮುಂತಾದ ತಂಡಗಳೂ ಸಂಘದೊಡನೆ ಜಗಳವಾಡಿ ಲೀಗಿನಿಂದ ಹೊರನಡೆದವು. ಅಂದಹಾಗೆ, ಇದೇ ಮೊಹಮ್ಮಡನ್ ತಂಡವನ್ನು 1937ರ ಬೊಂಬಾಯಿ ರೋವರ್ಸ್ ಕಪ್ಪಿನ ಫೈನಲ್‌ನಲ್ಲಿ ಸೋಲಿಸಿದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ, 1948ರಲ್ಲೂ ಆ ಕಪ್ ಬೆಂಗಳೂರು ಮುಸ್ಲಿಮ್ಸ್ ಪಾಲಾಯಿತು. ಕನ್ನಡದಲ್ಲಿ ಈ ತಂಡದ ಚರಿತ್ರೆಯನ್ನು ಯಾರಾದರೂ ಬರೆಯಬೇಕು.

ಮಾತಿನ ಬದಲು ಸಂಕೇತ ಬಂದದ್ದು 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ. ಹಳದಿ, ಕೆಂಪು ಕಾರ್ಡುಗಳನ್ನು ಯೋಚಿಸಿದ ಕೆನ್ ಆಸ್ಟನ್ ಇಂಗ್ಲೆಂಡಿನ ರೆಫ್ರಿ, ವೃತ್ತಿಯಿಂದ ಶಾಲಾ ಮೇಷ್ಟ್ರು. ರಸ್ತೆಯ ಸಿಗ್ನಲ್ ದೀಪ ಕಂಡು ಹೊಳೆದದ್ದಂತೆ. ಭಾಷೆ ಬಾರದವರ ನಡುವೆ ಅದು ದೊಡ್ಡ ಉಪಕಾರ, ನಿಜ. ಒಂದೇ ಭಾಷೆ ಬಲ್ಲ ಊರಿನವರ ನಡುವೆ ಕಾರ್ಡು ತೋರಿಸಿದ ಮೇಲೂ ಒಂದಷ್ಟು ಮಾತು ಬಾಕಿ ಉಳಿಯುತ್ತದೆ. ಅದನ್ನು ಆಡುವ ಜಾಗ ಚಹಾದಂಗಡಿಯೇ. ಹಿಂದೆ ತೀರ್ಪುಗಾರರು ಪಂದ್ಯದ ನಂತರ ತಾಸುಗಟ್ಟಲೆ ಕೂರುತ್ತಿದ್ದ ಮೈದಾನಗಳಲ್ಲಿ ಈಗ ಅವರು ಹೆಲ್ಮೆಟ್ ಹಾಕಿಕೊಂಡು ಬೈಕ್ ಹತ್ತಿ ಹೊರಟುಬಿಡುವುದನ್ನು ನಾವೇ ನೋಡಿದ್ದೇವೆ. ತಪ್ಪು ಅವರದಲ್ಲ. ಕೂತರೆ ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದು, ನೋಡಿ ಯಾರ ಜೊತೆ ಕೂತಿದ್ದಾರೆ ಎಂದು ಹಂಚುತ್ತಾರೆ. ತೆರೆದ ಬೆಂಚನ್ನೂ ಮುಚ್ಚಿದ ಕೋಣೆಯೆಂಬಂತೆ ತೋರಿಸಬಹುದು ಎಂದು ಹಿದಾಯ ಬರೆದವರು ಊಹಿಸಿರಲಾರರು.

ನಾವು ಹರಿಹರದಲ್ಲಿ ಸೋತ ವರ್ಷ, 1990ರ ಅಕ್ಟೋಬರಿನಲ್ಲಿ, ದಾವಣಗೆರೆಯಲ್ಲಿ ಕೋಮುಗಲಭೆಯಾಯಿತು. ಚನ್ನಪಟ್ಟಣದಲ್ಲೂ ಆಯಿತು. ಅದರ ಬೆನ್ನಿಗೇ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಪದವಿ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ರಾಜಕೀಯ. ಯಾವ ಅಂಗಡಿಯಲ್ಲಿ ಯಾರು ಚಹಾ ಕುಡಿಯಬೇಕು ಎಂಬ ಲೆಕ್ಕ ಊರಿನಲ್ಲಿ ಹೊಸದಾಗಿ ಶುರುವಾದದ್ದನ್ನು ರಾಜಕೀಯದವರು ಬರೆದಿಡಲಿಲ್ಲ. ಆ ಚಳಿಗಾಲ ನಮ್ಮ ತಂಡ ಆಡಲೇ ಇಲ್ಲ. ಹರಿಹರದ ಬಸ್ಸನ್ನೂ ಹತ್ತಲಿಲ್ಲ.

1991ರ ಏಪ್ರಿಲ್‌ನಲ್ಲಿ ರಮಝಾನ್ ಹಬ್ಬ ಬಂತು. ಹರಿಹರದ ಆ ನಾಯಕ ಹೇಳಿ ಕಳಿಸಿದ್ದರಿಂದ ನಾವು ನಾಲ್ಕೈದು ಜನ ಅವನ ಮನೆಗೆ ಹೋಗಿದ್ದೆವು. ನಾವು ಕೂತ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು, ಒಗೆದ ಬಿಳಿ ಅಂಗಿ ಹಾಕಿಕೊಂಡು. ಯಾರೂ ಕರೆದಿರಲಿಲ್ಲ. ಈ ಸಲ ಪಂದ್ಯ ಇಲ್ಲವಲ್ಲ, ಅದಕ್ಕೆ ಬಂದೆ ಎಂದರು. ಹುಡುಗನ ತಾಯಿ ಒಳಗಿನಿಂದ ಶೀರ್ ಖುರ್ಮಾ ಕಳಿಸಿದರು. ಮೇಷ್ಟ್ರು ಎರಡು ಬಟ್ಟಲು ಕುಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಅವತ್ತು ಚೆಂಡು ನಿಜವಾಗಿ ಕೈಗೆ ತಾಗಿತ್ತೇನಪ್ಪ? ನನಗೆ ಇವತ್ತಿಗೂ ಅನುಮಾನ" ಎಂದು ಕೇಳಿದರು.

ನಮ್ಮ ಬ್ಯಾಕ್ ಆಟಗಾರ ಬಟ್ಟಲಿನಿಂದ ತಲೆ ಎತ್ತದೆ, "ತಾಗಿತ್ತು ಸರ್" ಎಂದ.